ಬಿಳಿ ತಂತಿಯಲ್ಲಿ ಬಂದ ಮಾವ

ಇದು ನಡೆದ ಸಂಗತಿ. ಪಾರಿವಾಳ ಸಾಕುವವನ ಬಾಯಿಂದ ಕೇಳಿದ್ದಲ್ಲವಾದ್ದರಿಂದ ಧೈರ್ಯವಾಗಿ ನಂಬಬಹುದು.

ಅಮ್ಮಾನಿನಲ್ಲಿ ಪಾರಿವಾಳದವನ ಸಾಕ್ಷಿ ನ್ಯಾಯಾಲಯದಲ್ಲಿ ನಡೆಯುವುದಿಲ್ಲ ಎನ್ನುತ್ತಾರೆ. ಕಾನೂನಿನ ಪುಸ್ತಕ ತೆಗೆದು ನೋಡಿದವರು ಯಾರೂ ಇಲ್ಲ. ನೋಡಬೇಕೆಂದು ಯಾರಿಗೂ ಅನಿಸಿಯೂ ಇಲ್ಲ. ಸಂಜೆ ಮಾಳಿಗೆಯ ಮೇಲೆ ನಿಂತು, ಕೋಲಿಗೆ ಚಿಂದಿ ಕಟ್ಟಿ ಬೀಸಿ, ಎದುರು ಗುಡ್ಡದವನ ಹಕ್ಕಿಯನ್ನು ತನ್ನ ಹಿಂಡಿಗೆ ಎಳೆದುಕೊಳ್ಳುವ ಮನುಷ್ಯ, ಮರುದಿನ ಅದರ ಒಡೆಯ ಬಂದು "ನನ್ನ ಬೂದು ಹೆಣ್ಣು ಈ ಕಡೆ ಬಂತೇನಪ್ಪಾ" ಎಂದು ಕೇಳಿದರೆ, ಅದನ್ನೇ ಕೋಟಿನೊಳಗೆ ಬೆಚ್ಚಗೆ ಇಟ್ಟುಕೊಂಡು ದೇವರಾಣೆ ಹಾಕುತ್ತಾನೆ. ಕೋಟು ಗುಟುರು ಹಾಕಿದರೆ ಕೆಮ್ಮುತ್ತಾನೆ. ಅಂಥವನ ಮಾತನ್ನು ಯಾವ ನ್ಯಾಯಾಧೀಶ ಬರೆದುಕೊಂಡಾನು?

ಅಶ್ರಫಿಯ ಗುಡ್ಡದ ಬಹ್ಜತ್ ಅರವತ್ತನಾಲ್ಕು ಹಕ್ಕಿಗಳ ಒಡೆಯ. ಹೊಟ್ಟೆಪಾಡಿಗೆ ನೀರಿನ ಮೀಟರ್ ಓದುವ ಕೆಲಸ. ಅವನು ಓದಿ ಬರೆದುಕೊಂಡ ಅಂಕಿಯನ್ನು ಮನೆಯೊಡತಿಯರು ಕನ್ನಡಕ ಹಾಕಿಕೊಂಡು ಬಂದು ಇನ್ನೊಮ್ಮೆ ಓದುತ್ತಿದ್ದರು. ಅವನು ಬೇಸರಪಟ್ಟುಕೊಳ್ಳುತ್ತಿರಲಿಲ್ಲ. ಜನರ ನಂಬಿಕೆ ಅವನ ಪಾಲಿಗೆ ಶ್ರೀಮಂತರ ಮನೆಯ ಸೋಫಾ ಇದ್ದ ಹಾಗೆ. ಕೂರುವ ಆಸೆ ಬಿಟ್ಟು ಬಹಳ ಕಾಲವಾಗಿತ್ತು.

ಮುಂದಿನ ಶುಕ್ರವಾರ ಅವನ ಒಬ್ಬಳೇ ಮಗಳು ರವಂದ್‌ಳನ್ನು ಕೇಳಲು ಗಂಡಿನ ಕಡೆಯ ಜಾಹ ಬರುವುದಿತ್ತು. ನಲವತ್ತು ಗಂಡಸರು, ಮುಂದೊಬ್ಬ ಹಿರಿಯ. ಹಿರಿಯನ ಮುಂದೆ ಕಾಫಿ ಇಟ್ಟರೆ ಅವನು ಮುಟ್ಟುವುದಿಲ್ಲ. ನೀವು ಬಂದ ಕೆಲಸ ಆಯಿತು ಎಂದು ಹೆಣ್ಣಿನ ಕಡೆಯವರು ಹೇಳಿದ ಮೇಲೆಯೇ ಬಟ್ಟಲೆತ್ತುತ್ತಾನೆ. ಅಷ್ಟು ಜನಕ್ಕೆ ಕೆಳಗಿನ ಕೋಣೆಯಲ್ಲಿ ಜಾಗ ಸಾಲದು. ಮಾಳಿಗೆಯ ಮೇಲೆ ಡೇರೆ ಹಾಕಬೇಕು. ಮಾಳಿಗೆಯ ಮೇಲೆ ಅರವತ್ತನಾಲ್ಕು ಹಕ್ಕಿ.

"ಗುರುವಾರದೊಳಗೆ ಹೋಗ್ಬೇಕು," ಎಂದಳು ಹೆಂಡತಿ ಇಂಶಿರಾ. "ಗೂಡೂ ಇರಬಾರದು, ಗರೀನೂ ಇರಬಾರದು. ನಾಳೆ ಅವರ ಮನೇಲಿ ನನ್ನ ಮಗಳನ್ನ ಪಾರಿವಾಳದವನ ಮಗಳು ಅಂತ ಕರೆಯೋದು ಬೇಡ."

"ಡೇರೆ ಒಂದು ಮೂಲೇಲಿ, ಗೂಡು ಒಂದು ಮೂಲೇಲಿ ಇರ್ಲಿ. ಹಕ್ಕಿ ಏನು ಕಾಫಿ ಕೇಳ್ತಾವಾ?"

"ನನ್ನ ಜಾಹದಲ್ಲಿ ನಮ್ಮಪ್ಪ ಷರತ್ತು ಹಾಕಿದ್ರು. ಹಕ್ಕಿ ಬಿಟ್ರೆ ಮಾತ್ರ ಹುಡುಗಿ ಅಂತ. ಜಾಹದ ಮುಂದಿದ್ದ ನಿಮ್ಮ ದೊಡ್ಡಪ್ಪ ಒಪ್ಪಿಕೊಂಡೇ ಕಾಫಿ ಕುಡಿದ್ರು."

ಈ ಮಾತನ್ನು ಇಂಶಿರಾ ಹದಿನೆಂಟು ವರ್ಷಗಳಿಂದ ಹೇಳುತ್ತ ಬಂದಿದ್ದಳು. ಬಹ್ಜತ್‌ನೂ ಹದಿನೆಂಟು ವರ್ಷಗಳಿಂದ ಒಂದೇ ಉತ್ತರ ಕೊಡುತ್ತ ಬಂದಿದ್ದ, ಒಂದು ಅಕ್ಷರ ಆಚೀಚೆಯಾಗದ ಹಾಗೆ: "ಆ ಕೋಣೇಲಿ, ಆ ಕಾಫಿ ಮುಂದೆ, ಪಾರಿವಾಳ ಅನ್ನೋ ಶಬ್ದ ಯಾರ ಬಾಯಿಂದಲೂ ಹೊರಡಲಿಲ್ಲ. ಮಗಳಾಣೆ."

ವಿಚಿತ್ರವೆಂದರೆ ಈ ಆಣೆ ನಿಜವಾಗಿತ್ತು. ಕೋಣೆಯಲ್ಲಿ ಯಾರೂ ಏನೂ ಹೇಳಿರಲಿಲ್ಲ. ಹೇಳಿದ್ದು ಮೆಟ್ಟಿಲ ಮೇಲೆ. ಇಪ್ಪತ್ತಮೂರು ವರ್ಷದ ಹಿಂದೆ, ಜಾಹದವರೆಲ್ಲ ಮೇಲೆ ಹತ್ತುತ್ತಿದ್ದಾಗ, ಶಾಲೆಯ ಮುಖ್ಯೋಪಾಧ್ಯಾಯರಾಗಿದ್ದ ಮಾವ ಹಾಜಿ ರಾತಿಬ್ ಎದುರುಗೊಳ್ಳಲು ಅರ್ಧ ಮೆಟ್ಟಿಲು ಇಳಿದು ಬಂದು, ಮದುವೆಗಂಡಿನ ಮಣಿಕಟ್ಟು ಹಿಡಿದು ಕಿವಿಯಲ್ಲಿ ಕೇಳಿದ್ದರು: "ಆ ಹಕ್ಕಿಗಳು ಮೊದಲ ಮಗು ಹುಟ್ಟೋವರೆಗೆ ಮಾತ್ರ. ಏನಂತೀಯ?" ಬಹ್ಜತ್ "ನನ್ನ ತಲೆ ಮೇಲೆ ಇಟ್ಕೊಂಡು ನಡೆಸ್ತೀನಿ ಮಾವ" ಎಂದಿದ್ದ. ಆ ಕ್ಷಣ ನಿಜವಾಗಿಯೂ ನಡೆಸುವವನಿದ್ದ. ಆದರೆ ರವಂದ್ ಹುಟ್ಟಿದ್ದು ಜನವರಿಯಲ್ಲಿ. ಚಳಿಯಲ್ಲಿ ಹಕ್ಕಿಗಳನ್ನು ಬೇರೆ ಕಡೆ ಸಾಗಿಸಿದರೆ ಸತ್ತೇ ಹೋಗುತ್ತವೆ. ಚಳಿ ಕಳೆಯುವಷ್ಟರಲ್ಲಿ ಅವು ಮೊಟ್ಟೆ ಇಟ್ಟಿದ್ದವು. ಮೊಟ್ಟೆ ಮರಿಯಾದವು. ಮರಿ ಹಾರಲು ಕಲಿಯುವ ಹೊತ್ತಿಗೆ ಮತ್ತೆ ಚಳಿ. ಹೀಗೆ ಋತುಗಳು ಸಹಕರಿಸಲಿಲ್ಲ. ಅಷ್ಟರಲ್ಲಿ ಮಾವ ತೀರಿಕೊಂಡರು, ಮಾತು ಅವರ ಜೊತೆ ಹೋಯಿತು ಎಂದು ಬಹ್ಜತ್ ಭಾವಿಸಿದ. ಅವರ ಶವಕ್ಕೆ ಎಲ್ಲರಿಗಿಂತ ಮೊದಲು ಹೆಗಲು ಕೊಟ್ಟವನೂ ಅವನೇ.

ಜಾಹದ ಟೇಪೊಂದು ಮನೆಯಲ್ಲಿತ್ತು. ಅದನ್ನು ನುಡಿಸುವ ವಿಸಿಆರ್ ಹನ್ನೊಂದು ವರ್ಷದ ಹಿಂದೆಯೇ ಒಂದು ಮದುವೆಯ ಟೇಪನ್ನು ಅಗಿದು ನುಂಗಿ ಸತ್ತಿತ್ತು. ಅಂದಿನಿಂದ ಬಹ್ಜತ್ ಧಾರಾಳಿಯಾಗಿದ್ದ. ಜಗಳ ಬಂದಾಗಲೆಲ್ಲ "ಟೇಪ್ ಇದೆಯಲ್ಲ, ಹಾಕಿ ನೋಡು. ಅದರಲ್ಲಿ ಷರತ್ತು ಇದ್ರೆ ಅವತ್ತೇ ಹಕ್ಕಿ ಹೊರಗೆ" ಎನ್ನುತ್ತಿದ್ದ. ಕಳೆದ ವರ್ಷ ಗೋಡೆಗೆ ಹೊಸ ಚಪ್ಪಟೆ ಟಿವಿ ಬಂದ ಮೇಲಂತೂ ಅವನ ಧಾರಾಳತನಕ್ಕೆ ಮೇರೆಯೇ ಇರಲಿಲ್ಲ.

ಜಾಹಕ್ಕೆ ಒಂದು ವಾರ ಮೊದಲಿನ ಶುಕ್ರವಾರ, ಮಧ್ಯಾಹ್ನದ ನಮಾಜು ಮುಗಿಸಿ ಊಟಕ್ಕೆ ಬಂದ ಬಾಮೈದ ಜುಹ್ದಿಯ ಕಂಕುಳಲ್ಲಿ ಕಂಬಳಿಯಲ್ಲಿ ಸುತ್ತಿದ ಒಂದು ಗಂಟಿತ್ತು. ಜುಹ್ದಿಗೆ ಪೇಟೆಯಲ್ಲಿ ಹಳೆಯ ರೇಡಿಯೊ, ಟಿವಿ ರಿಪೇರಿಯ ಅಂಗಡಿ. ಅಂಗಡಿಗಿಂತ ಅವನ ಗಂಟಲಿಗೆ ಹೆಚ್ಚು ಹೆಸರು. ತರಕಾರಿಯವನು, ಸುದ್ದಿ ಓದುವವನು, ಕೆಟ್ಟ ಬಸ್ಸು, ಯಾವುದನ್ನು ಬೇಕಾದರೂ ಅಣಕಿಸುತ್ತಿದ್ದ. ಗಂಟು ಬಿಚ್ಚಿದ. ಒಳಗೆ ಕಪ್ಪಗೆ ಮಿನುಗುವ ಒಂದು ವಿಸಿಆರ್.

"ಅಕ್ಕ ಕೇಳಿದ್ಲು," ಎಂದ ಜುಹ್ದಿ. "ನಿನ್ನೆ ತಾನೇ ಬೆಲ್ಟ್ ಬದಲಾಯಿಸಿದೆ. ಈಗ ಹುಡುಗನ ಹಾಗೆ ಓಡುತ್ತೆ ಭಾವ."

ಬಹ್ಜತ್ ಬಾಯಿಗಿಟ್ಟ ಅನ್ನ ಅಲ್ಲೇ ನಿಂತಿತು. ಮಾವ ಮಣಿಕಟ್ಟು ಹಿಡಿದಾಗ ತನ್ನ ಬೆನ್ನಿಗೆ ಏನೋ ಬಿಸಿ ತಾಗುತ್ತಿದ್ದದ್ದು ಅವನಿಗೆ ನೆನಪಾಯಿತು. ಅದು ವಿಡಿಯೊದವನ ದೀಪ. ಅವನು ಕೂಡ ಮೆಟ್ಟಿಲು ಹತ್ತುತ್ತಲೇ ಇದ್ದ.

"ಈ ಟಿವಿಗೆ ಅದು ಸೇರಲ್ಲ ಕಣೋ," ಎಂದ, ಅನ್ನ ನುಂಗಿ. "ಮಧ್ಯೆ ಎರಡು ತಲೆಮಾರು ಅಂತರ ಇದೆ."

"ಸೇರಿಸಿದ್ರೆ ಎಲ್ಲಾ ಸೇರುತ್ತೆ ಭಾವ. ನಿಮ್ಮನ್ನೂ ಅಕ್ಕನ್ನೂ ಸೇರಿಸಿಲ್ವಾ?"

ಜುಹ್ದಿ ಟಿವಿಯ ಹಿಂದೆ ತಲೆ ತೂರಿಸಿದ. ಹಳದಿ, ಬಿಳಿ, ಕೆಂಪು ಮೂತಿಯ ಮೂರು ತಂತಿಗಳನ್ನು ಹೊರಗೆಳೆದ.

"ಹಳದಿ ತೂತೇ ಇಲ್ಲ ಇದರಲ್ಲಿ," ಎಂದು ಬಹ್ಜತ್ ಪಕ್ಕದಿಂದ ಇಣುಕಿ, ಸಾವಿನ ಮನೆಯಲ್ಲಿ ಸಮಾಧಾನ ಹೇಳುವ ದನಿಯಲ್ಲಿ ಹೇಳಿದ. "ನೋಡು. ಹಸಿರು ಇದೆ, ನೀಲಿ ಇದೆ, ಕೆಂಪು ಎರಡಿದೆ. ಹಳದಿ ಮಾತ್ರ ಇಲ್ಲ. ಪಾಪ, ಬಿಟ್ಟುಬಿಡು."

"ಹಳದಿಯನ್ನ ಹಸಿರಿಗೆ ಹಾಕೋದು. ಈಗಿನ ಟಿವಿಗಳಲ್ಲಿ ಇಬ್ಬರಿಗೂ ಒಂದೇ ಮನೆ. ಹಳದೀಲಿ ಚಿತ್ರ ಬರುತ್ತೆ. ಬಿಳಿ ಕೆಂಪಿನಲ್ಲಿ ಶಬ್ದ. ಇವು ಅಣ್ಣತಮ್ಮಂದಿರಿದ್ದ ಹಾಗೆ ಭಾವ, ಒಬ್ಬರ ಕೆಲಸ ಇನ್ನೊಬ್ಬರು ಮಾಡಲ್ಲ."

ಜುಹ್ದಿ ಕರೆಂಟಿನ ಉದ್ದ ವೈರ್ ಹುಡುಕಲು ಒಳಗೆ ಹೋದ. ಬಹ್ಜತ್ ಸುತ್ತ ನೋಡಿದ. ಇಂಶಿರಾ ತಟ್ಟೆ ಎತ್ತುತ್ತಿದ್ದಳು, ರವಂದ್ ಮೊಬೈಲಿನಲ್ಲಿ ಮುಳುಗಿದ್ದಳು. ಅವನು ಕೈ ಹಿಂದೆ ಹಾಕಿ ಹಳದಿ ಮೂತಿಯನ್ನು ಹಸಿರಿನಿಂದ ಕಿತ್ತು ನೀಲಿಗೆ ಚುಚ್ಚಿದ. ಆಮೇಲೆ ಸೋಫಾದಲ್ಲಿ ಕೂತು ಜಪಮಣಿ ಎಣಿಸತೊಡಗಿದ.

ಟಿವಿ ಹಾಕಿದರು. ಪರದೆ ಕಪ್ಪಗಿತ್ತು.

"ನಾನು ಹೇಳಲಿಲ್ವಾ," ಎಂದ ಬಹ್ಜತ್.

ಜುಹ್ದಿ ಟಿವಿಯ ಹಿಂದೆ ನೋಡಿದ. ನಂತರ ಭಾವನನ್ನು ನೋಡಿದ. ಮೂತಿಯನ್ನು ತೆಗೆದು ಹಸಿರಿಗೆ ಹಾಕಿದ, ತಂತಿಯೊಂದನ್ನು ಜಮಖಾನದ ಕೆಳಗೆ ಸರಿಸಿ ಅಡುಗೆಮನೆಯ ಕಡೆಗೆ ಏನೋ ಎಳೆದಾಡಿದ. ಬಹ್ಜತ್‌ಗೆ ತಂತಿ ನೋಡುವ ಮನಸ್ಸಿರಲಿಲ್ಲ; ತನ್ನ ಕೈಚಳಕ ಸಿಕ್ಕಿಬಿತ್ತಲ್ಲ ಎಂದು ಕಿವಿ ಕೆಂಪಾಗಿತ್ತು. ಜುಹ್ದಿ ವಿಸಿಆರ್‌ನ ಬಾಯಿ ತೆರೆದು, ಕಲೋನಿನಲ್ಲಿ ಅದ್ದಿದ ಕಾಗದದಿಂದ ಒಳಗಿನ ಉರುಳೆ ಒರೆಸಿ, ಟೇಪು ನೂಕಿದ. ಯಂತ್ರ ಮುದುಕನಂತೆ ನರಳಿ ನುಂಗಿಕೊಂಡಿತು. ಪರದೆಯಲ್ಲಿ ಮೊದಲು ಹಿಮದಂಥ ಚುಕ್ಕೆಗಳು, ಆಮೇಲೆ ಅಡ್ಡ ಗೆರೆಗಳು, ಸಣ್ಣ ತಿರುಪು ತಿರುಗಿಸಿದ ಮೇಲೆ ಗುಲಾಬಿ ಹೂವಿನ ಚೌಕಟ್ಟಿನೊಳಗೆ 1991.

"ಶಬ್ದ ಬರ್ತಿಲ್ಲ ಮಾವ," ಎಂದಳು ರವಂದ್.

"ಹಳೇ ಟೇಪು, ಬಿಸಿಯಾಗ್ಲಿ. ನೀನು ರಿಮೋಟ್ ಹಿಡ್ಕೊಂಡು ಕೂತಿರು. ನಾನು ಕಾಫಿಗಿಡ್ತೀನಿ. ಕಾಫಿ ಇಲ್ದೆ ಜಾಹ ನೋಡೋದುಂಟಾ?"

ಜುಹ್ದಿ ಅಡುಗೆಮನೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡ. ಬಾಗಿಲಿನ ಗಾಜಿನಾಚೆ ಅವನ ನೆರಳು ನಿಂತಿತ್ತು. ಸ್ವಲ್ಪ ಹೊತ್ತಿಗೆ ಟಿವಿಯಿಂದ ಸರಸರ ಸದ್ದು ಬಂತು. ಬಟ್ಟಲು ತಾಗಿದ ಹಾಗೆ ಏನೋ ಕಿಣಿಕಿಣಿ ಅಂದಿತು.

"ಬಂತು," ಎಂದಳು ಇಂಶಿರಾ. ಅವಳು ಟಿವಿಯ ಎದುರಿಗೆ ಕೂರದೆ ಗಂಡನ ಎದುರಿಗೆ ಕೂತಿದ್ದಳು. ಇದನ್ನು ಬಹ್ಜತ್ ಗಮನಿಸಬೇಕಿತ್ತು.

ಪರದೆಯ ಮೇಲೆ ಕಾರುಗಳು ಬಂದು ನಿಂತವು. ದೊಡ್ಡ ಮೀಸೆಯ ಗಂಡಸರು ಇಳಿದರು. ಆಗ ಇನ್ನೂ ಕೂದಲಿದ್ದ ಬಹ್ಜತ್, ಬಾಡಿಗೆ ಸೂಟಿನಲ್ಲಿ, ಕತ್ತು ಅಲ್ಲಾಡಿಸಲಾಗದೆ ಇಳಿದ.

"ಅಪ್ಪಾ, ಇದು ನೀನಾ?" ರವಂದ್ ಬಾಯಿ ಮುಚ್ಚಿಕೊಂಡಳು. "ಮೂತಿ ನೋಡು, ಪರೀಕ್ಷೆಗೆ ಬಂದಿರೋ ಹಾಗಿದೆ."

ದೀಪದ ಬೆಳಕು ಮೆಟ್ಟಿಲಿನ ಮೇಲೆ ಬಿತ್ತು. ಹತ್ತುವ ಬೆನ್ನುಗಳು. ಮೇಲಿನಿಂದ ಇಳಿದು ಬಂದರು ಹಾಜಿ ರಾತಿಬ್, ಇಸ್ತ್ರಿ ಮಾಡಿದ ನಗೆಯೊಂದಿಗೆ. ಟಿವಿಯೊಳಗಿಂದ ಒಂದು ಕೆಮ್ಮು ಬಂತು. ಎರಡು ಸಣ್ಣದು, ಒಂದು ದೊಡ್ಡದು. ತರಗತಿಗೆ ಕಾಲಿಡುವ ಮೊದಲು ಮೂವತ್ತು ವರ್ಷ ಅವರು ಕೆಮ್ಮಿದ್ದ ಕೆಮ್ಮು.

"ಬನ್ನಿ, ಬನ್ನಿ. ಮೆಟ್ಟಿಲು ಜೋಪಾನ," ಎಂದಿತು ಮಾವನ ದನಿ, ಹದಿನೈದು ವರ್ಷದ ಹಿಂದೆ ಮಣ್ಣಾದವರ ದನಿ.

ಬಹ್ಜತ್ ಜಪಮಣಿ ನಿಲ್ಲಿಸಿದ. ಪರದೆಯಲ್ಲಿ ಮಾವ ಅವನ ಮಣಿಕಟ್ಟು ಹಿಡಿದರು. ಕಿವಿಯ ಹತ್ತಿರ ಬಾಗಿದರು. ತುಟಿ ಅಲುಗಿತು. ಇನ್ನೇನು. ಇನ್ನೊಂದು ಶಬ್ದ, ಅರವತ್ತನಾಲ್ಕು ಹಕ್ಕಿಗಳೂ ಹೋದ ಹಾಗೆಯೇ. ಬಹ್ಜತ್ ಸೋಫಾದ ಅಂಚಿಗೆ ಬಂದು ಕೂತ.

"ಬಹ್ಜತ್," ಎಂದಿತು ದನಿ, ತಗ್ಗಿ. "ಕೊಟ್ಟ ಮಾತು ಮರೀಬೇಡ."

"ಮಾವ, ಅದು ಮೆಟ್ಟಿಲ ಮೇಲೆ ಆಡಿದ್ದು," ಎಂದ ಬಹ್ಜತ್. ಅವನು ಎದ್ದು ನಿಂತಿದ್ದ. "ನಮ್ಮಿಬ್ಬರ ಮಧ್ಯೆ ಇದ್ದದ್ದು. ಮನೆಮಂದಿ ಮುಂದೆ ಯಾಕೆ ತೆಗೀತೀರಿ?"

ಅಡುಗೆಮನೆಯಲ್ಲಿ ಚಮಚವೊಂದು ಬಿತ್ತು. ಅದೇ ಚಮಚ ಟಿವಿಯೊಳಗೂ ಬಿತ್ತು. ಟಿವಿ ಮತ್ತೆ ಕೆಮ್ಮಿತು.

"ಯಾವ ಮಾತು ಅಂತ ಬಾಯಿ ಬಿಟ್ಟು ಹೇಳು," ಎಂದಿತು ಮುಖ್ಯೋಪಾಧ್ಯಾಯರ ದನಿ. "ಹಿಂದಿನ ಬೆಂಚಿನವರಿಗೂ ಕೇಳಿಸ್ಬೇಕು."

ನಲವತ್ತೆಂಟು ವರ್ಷದ ಬಹ್ಜತ್ ಕೈ ಕಟ್ಟಿಕೊಂಡ. "ಮೊದಲ ಮಗು ಹುಟ್ಟಿದ ಕೂಡ್ಲೇ ಹಕ್ಕಿ ಬಿಟ್ಟುಬಿಡ್ತೀನಿ ಅಂದಿದ್ದೆ ಮಾವ. ಸುಳ್ಳು ಹೇಳಲ್ಲ. ಬಿಡಬೇಕು ಅಂತಾನೇ ಇದ್ದೆ. ರವಂದ್ ಚಳೀಲಿ ಹುಟ್ಟಿದ್ಲು."

"ಬೇಸಿಗೇಲಿ?"

"ಬೇಸಿಗೇಲಿ ಮೊಟ್ಟೆ ಇದ್ವು ಮಾವ."

"ಇಪ್ಪತ್ತೊಂದು ವರ್ಷ ಪೂರ್ತಿ ಮೊಟ್ಟೆ ಇದ್ವಾ?"

ಬಹ್ಜತ್ ತಲೆ ತಗ್ಗಿಸಿದ. ತಲೆ ಎತ್ತಿದಾಗ ಪರದೆ ಎಷ್ಟೋ ಮುಂದೆ ಹೋಗಿತ್ತು. ಜಾಹ ಮುಗಿದು ಎಲ್ಲರೂ ಕುನಾಫದ ಸಿಹಿ ತಿನ್ನುತ್ತಿದ್ದರು. ಮಾವ ಎರಡೂ ಕೆನ್ನೆ ಉಬ್ಬಿಸಿಕೊಂಡು ಅಗಿಯುತ್ತಿದ್ದರು, ಆದರೂ ಅವರ ದನಿ ಸ್ಪಷ್ಟವಾಗಿ "ಉತ್ತರ ಕೊಡು ಹುಡುಗಾ" ಎನ್ನುತ್ತಿತ್ತು.

ರವಂದ್ ತಡೆಯಲಾರದೆ ದಿಂಬಿಗೆ ಮುಖ ಒತ್ತಿದಳು. ಅವಳ ಬೆನ್ನು ಕುಣಿಯುತ್ತಿತ್ತು.

ಬಹ್ಜತ್ ಟಿವಿಯನ್ನು ನೋಡಿದ. ದಿಂಬನ್ನು ನೋಡಿದ. ಗಾಜಿನಾಚೆಯ ನೆರಳನ್ನು ನೋಡಿದ. ನಂತರ ಬಗ್ಗಿ, ಜಮಖಾನದ ಕೆಳಗೆ ಉಬ್ಬಿಕೊಂಡಿದ್ದ ಬಿಳಿ ತಂತಿಯನ್ನು ಹಿಡಿದು ಬಾವಿಯಿಂದ ಹಗ್ಗ ಎಳೆದ ಹಾಗೆ ಎಳೆಯುತ್ತ ಹೋದ. ತಂತಿ ವಿಸಿಆರ್‌ಗೆ ಹೋಗಲಿಲ್ಲ. ಅಡುಗೆಮನೆಯ ಬಾಗಿಲ ಸಂದಿಗೆ ಹೋಯಿತು. ಬಾಗಿಲು ತೆರೆದ. ಅಲ್ಲಿ ಜುಹ್ದಿ, ಒಂದು ಕೈಯಲ್ಲಿ ಮೈಕು, ಇನ್ನೊಂದರಲ್ಲಿ ಪಾತ್ರೆ ಒರೆಸುವ ಬಟ್ಟೆ, ಮುಂದೆ ಮೈಕಿನ ದನಿಯನ್ನು ಟಿವಿಗೆ ದಾಟಿಸುವ ಒಂದು ಸಣ್ಣ ಪೆಟ್ಟಿಗೆ.

"ಭಾವ," ಎಂದ ಜುಹ್ದಿ, ಮೈಕು ಬಾಯಿಯ ಮುಂದೆಯೇ ಇದ್ದದ್ದರಿಂದ ಹಿಂದಿನ ಟಿವಿಯೂ "ಭಾವ" ಎಂದಿತು. "ನನಗೇನೂ ಗೊತ್ತಿರಲಿಲ್ಲ. ಕಾಫಿ ಸೀನಿಗೆ ಅಂತ ಎರಡು ದಿನದಿಂದ ತಯಾರಿ ಮಾಡಿದ್ದೆ. ಬೆಂಡೆಕಾಯಿ ಸಾರನ್ನ ಮಾತಾಡದೆ ತಿನ್ಬೇಕು, ಸ್ನಾನದ ಮನೇಲಿ ಹಾಡಬಾರದು, ಹೀಗೆ ಹನ್ನೆರಡು ಷರತ್ತು. ಕೊಟ್ಟ ಮಾತು ಅಂದಿದ್ದು ಬರೀ ಗಂಟಲು ಸರಿಮಾಡ್ಕೊಳ್ಳೋಕೆ. ಅಪ್ಪ ಹಾಲಿನವನಿಗೂ ಹಾಗೇ ಅಂತಿದ್ರು."

"ಟೇಪಿನಲ್ಲಿ ಏನಿದೆ ಹಾಗಾದ್ರೆ?"

ಜುಹ್ದಿ ಬಂದು ಬಿಳಿ ಕೆಂಪು ತಂತಿಗಳನ್ನು ವಿಸಿಆರ್‌ಗೇ ಚುಚ್ಚಿದ. ರವಂದ್ ಟೇಪನ್ನು ಹಿಂದಕ್ಕೆ ಓಡಿಸಿದಳು. ಮಾವ ಮೆಟ್ಟಿಲಿಳಿದು ಬಂದರು, ಮಣಿಕಟ್ಟು ಹಿಡಿದರು, ತುಟಿ ಅಲುಗಿಸಿದರು. ಮೇಲೆ ಪಿಟೀಲು, ದರಬುಕ್ಕದ ಬಡಿತ, ಒಬ್ಬ ಗಾಯಕನ ಗೋಳು. ಕೋಣೆಯಲ್ಲೂ ಅದೇ ಗೋಳು, ಕಾಫಿಯ ಮುಂದೆಯೂ ಅದೇ. ಆ ಕಾಲದ ವಿಡಿಯೊದವರು ಜನರ ಮಾತನ್ನೆಲ್ಲ ಗಲಾಟೆ ಎಂದು ಅಳಿಸಿ, ಮೊದಲಿನಿಂದ ಕೊನೆಯವರೆಗೆ ಹಾಡು ತುಂಬಿ ಕೊಡುತ್ತಿದ್ದರು. ಹಾಗೆ ತುಂಬದವನನ್ನು ಜನ ಸೋಮಾರಿ ಎನ್ನುತ್ತಿದ್ದರು. ಬೇಕಾದ ಒಂದೇ ಒಂದು ಮಾತಿನ ಮೇಲೆ ಗಾಯಕ "ಓ ರಾತ್ರಿಯೇ" ಎಂದು ಕೂಗುತ್ತ ಕೂತಿದ್ದ.

"ಅಂದ್ರೆ," ಎಂದ ಬಹ್ಜತ್ ನಿಧಾನವಾಗಿ, "ನಾನು ಸುಮ್ನೆ ಕೂತಿದ್ರೆ?"

"ಗೆದ್ದಿರ್ತಿದ್ರಿ," ಎಂದ ಜುಹ್ದಿ.

"ಇಂಶಿರಾ, ನಿನಗೆ ಮೆಟ್ಟಿಲ ವಿಷಯ ಯಾರು ಹೇಳಿದ್ರು?"

"ಯಾರು ಹೇಳ್ತಾರೆ? ನಾವು ಹೆಂಗಸರು ಒಳಗಿದ್ವಿ. ನನಗೆ ಕೇಳಿಸಿದ್ದು ಬಟ್ಟಲಿನ ಸದ್ದು ಮಾತ್ರ." ಇಂಶಿರಾ ತಲೆವಸ್ತ್ರದ ತುದಿಯಿಂದ ಕಣ್ಣೊರೆಸಿಕೊಂಡಳು, ತಂದೆಯ ದನಿಗೋ ನಗುವಿಗೋ ಹೇಳುವುದು ಕಷ್ಟ. "ರವಂದ್‌ಗೆ ಮೂರು ವರ್ಷ ಇದ್ದಾಗ ಹಬ್ಬದ ಬಟ್ಟೆ ಮೇಲೆಲ್ಲಾ ನಿಮ್ಮ ಹಕ್ಕಿ ಗಲೀಜು ಮಾಡಿದ್ವು. ಸಿಟ್ಟಿಗೆ ಷರತ್ತು ಗಿರತ್ತು ಅಂತ ಬಾಯಿಗೆ ಬಂದದ್ದು ಅಂದೆ. ನಿಮ್ಮ ಮುಖ ನೆಂದ ಹಿಟ್ಟಿನ ಹಾಗಾಯ್ತು. ಇದರಲ್ಲಿ ಏನೋ ಇದೆ ಅಂತ ಹಿಡ್ಕೊಂಡೆ. ಅಪ್ಪ ಬದುಕಿದ್ದಾಗ್ಲೇ ಎಷ್ಟೋ ಸಲ ಕೇಳ್ದೆ. ಅದು ಗಂಡಸರ ಮಾತು ಅಂತ ಬಾಯಿ ಬಿಡಲಿಲ್ಲ. ನೀವು ಈವತ್ತು ಬಿಟ್ರಿ."

ಮಾವನೂ ಹೇಳಿರಲಿಲ್ಲ. ಹಾಗಾದರೆ ಇಪ್ಪತ್ತಮೂರು ವರ್ಷ ಅವನು ಕೋಟಿನೊಳಗೆ ಬಚ್ಚಿಟ್ಟುಕೊಂಡದ್ದನ್ನು ಕೇಳಿಕೊಂಡು ಬಂದವರು ಯಾರೂ ಇರಲಿಲ್ಲ. ಅವನೇ ಬಾಗಿಲು ತೆರೆದು, ಟಿವಿಯ ಮುಂದೆ ಕೈ ಕಟ್ಟಿ ನಿಂತು, ಹೊರಗೆ ತೆಗೆದು ಕೊಟ್ಟಿದ್ದ. ಬಹ್ಜತ್ ಸೋಫಾದಲ್ಲಿ ಕೂತ. ಅಳಬೇಕೋ ಬಯ್ಯಬೇಕೋ ಗೊತ್ತಾಗದೆ ಮೂಗು ತುರಿಸಿಕೊಂಡ.

"ಸರಿ," ಎಂದ ಕೊನೆಗೆ. "ಮಾತು ಮಾತೇ. ಗುರುವಾರ ಈ ಮಾಳಿಗೆ ಖಾಲಿ. ಎಲ್ಲಿಗೆ ಕಳಿಸೋದು ಅನ್ನೋದೊಂದೇ."

"ಮಾರಿಬಿಡಿ ಭಾವ," ಎಂದ ಜುಹ್ದಿ, ಕಾಫಿ ಬಟ್ಟಲುಗಳನ್ನು ತಂದಿಡುತ್ತ.

ಇಂಶಿರಾ ಬಟ್ಟಲನ್ನು ಮುಟ್ಟಲಿಲ್ಲ. ಮುಂದಿಟ್ಟುಕೊಂಡು, ಜಾಹದ ಹಿರಿಯನ ಹಾಗೆ ಕೈ ಮಡಿಲಲ್ಲಿಟ್ಟುಕೊಂಡು ತಮ್ಮನನ್ನೇ ನೋಡಿದಳು.

"ಅಕ್ಕಾ, ಕಾಫಿ ಕುಡಿ."

"ಕುಡೀತೀನಿ. ನನ್ನದೊಂದು ಕೋರಿಕೆ ಇದೆ. ಹಿಂದಿನ ಬೀದೀಲಿ ನಿನ್ನ ಮಾಳಿಗೆ ಖಾಲಿ ಬಿದ್ದಿದೆ."

ಜುಹ್ದಿಯ ಮುಖದಲ್ಲಿ, ಆ ಮಧ್ಯಾಹ್ನ ಮೊದಲ ಸಲ, ಯಾರದೂ ಅಣಕವಲ್ಲದ ಒಂದು ಭಾವ ಕಾಣಿಸಿತು.

"ಅಕ್ಕಾ, ನಾನು ಅಂಗಡಿಯವನು. ಟಿವಿ ಕೆಟ್ಟಿದೆ ಅಂದ್ರೆ ಜನ ನಂಬಬೇಕು, ಸರಿಯಾಯ್ತು ಅಂದ್ರೂ ನಂಬಬೇಕು. ಮಾಳಿಗೆ ಮೇಲೆ ಹಕ್ಕಿ ಕಂಡ್ರೆ ನನ್ನ ಮಾತಿಗೆ ಏನು ಬೆಲೆ?"

"ಸತ್ತ ಅಪ್ಪನ ಬಾಯಲ್ಲಿ ಮಾತಾಡಿದವನ ಮಾತಿಗೆ ಈಗ ಏನಿದೆ? ಒಪ್ಪೋವರೆಗೆ ನಾನು ಕಾಫಿ ಮುಟ್ಟಲ್ಲ. ಆರಿ ಹೋದ್ರೆ ಆರಿ ಹೋಗ್ಲಿ."

ಕಾಫಿ ಮುಂದಿಟ್ಟುಕೊಂಡು ಕೂತ ಹಿರಿಯರನ್ನು ಬರಿಗೈಯಲ್ಲಿ ಕಳಿಸಿದ ಮನೆ ಆ ಗುಡ್ಡದಲ್ಲಿ ಯಾವುದೂ ಇರಲಿಲ್ಲ. ಜುಹ್ದಿಗೂ ಅದು ಗೊತ್ತು. ಬಟ್ಟಲಿನಿಂದ ಹಬೆ ಕಡಿಮೆಯಾಗುತ್ತ ಬಂತು. ರವಂದ್ ಮೊಬೈಲು ಎತ್ತಿ ಅವನ ಮುಖಕ್ಕೆ ಹಿಡಿದಳು.

"ಮಾತಾಡು ಮಾವ. ಇದರಲ್ಲಿ ಶಬ್ದಾನೂ ಬರುತ್ತೆ."

ಜುಹ್ದಿ ಗಂಟಲು ಸರಿಮಾಡಿಕೊಂಡ. ಎಂಥ ದನಿಗಳನ್ನೆಲ್ಲ ಹೊರಡಿಸುತ್ತಿದ್ದ ಆ ಗಂಟಲಿನಿಂದ ತೆಳ್ಳಗೆ ಒಂದೇ ದನಿ ಬಂತು, ಅವನದೇ: "ಕುಡಿ ಅಕ್ಕಾ. ಬಂದ ಕೆಲಸ ಆಯ್ತು."

ಇಂಶಿರಾ ಬಟ್ಟಲೆತ್ತಿದಳು. ಬಹ್ಜತ್ ಬಾಮೈದನ ಹೆಗಲ ಮೇಲೆ ಕೈ ಹಾಕಿ, ಬೂದು ಹೆಣ್ಣಿಗೆ ಜೋಳ ಸಣ್ಣಗಿರಬೇಕು, ಬಿಳಿ ಜೋಡಿಯನ್ನು ಬೇರೆ ಮಾಡಬಾರದು, ಯಾರಾದರೂ ಕಳೆದ ಹಕ್ಕಿ ಕೇಳಿಕೊಂಡು ಬಂದರೆ ಕೋಟಿನ ಗುಂಡಿ ಮೊದಲೇ ಹಾಕಿಕೊಂಡಿರಬೇಕು ಎಂದು ಹೇಳತೊಡಗಿದ. "ನಾನು ದಿನಾ ಸಂಜೆ ಬರ್ತೀನಿ. ಬರೀ ನೋಡೋಕೆ." ಜುಹ್ದಿ ಎರಡೂ ಕೈಯಿಂದ ತಲೆ ಹಿಡಿದುಕೊಂಡ. ರವಂದ್ ನಕ್ಕಳು. ಇಂಶಿರಾಗೆ ಕಾಫಿ ನೆತ್ತಿಗೇರಿತು. ಆದರೆ ಆ ಮನೆಯಿಂದ ಬೀದಿಗೆ ಕೇಳಿಸಿ, ಮಾಳಿಗೆಯ ಮೇಲಿನ ಅರವತ್ತನಾಲ್ಕೂ ಹಕ್ಕಿಗಳನ್ನು ಒಂದೇ ಏಟಿಗೆ ಎಬ್ಬಿಸಿ ಹಾರಿಸಿದ ನಗು ಬಹ್ಜತ್‌ನದು.